ಅಪಘಾತದಲ್ಲಿ ಏರ್‌ಬ್ಯಾಗ್ ತೆರೆಯದಿದ್ದರೆ ಹೊಣೆ ಯಾರದು?

2025ರ ಜನವರಿ 14ರಂದು ಬೆಳಗಿನ ಜಾವ ಬೆಂಗಳೂರಿನಿಂದ ಬೆಳಗಾವಿಯತ್ತ ಬರುತ್ತಿದ್ದ ಸಚಿವೆ ಲಕ್ಷ್ಮೀ ಹೆಬ್ಬಾಳಕರ ಅವರ ಕಾರು ಕಿತ್ತೂರು ತಾಲೂಕಿನ ಅಂಬಡಗಟ್ಟಿ ಬಳಿ ಹೆದ್ದಾರಿ ಪಕ್ಕದ ಮರಕ್ಕೆ ಅಪ್ಪಳಿಸಿತು. ಕಾರಿನ ಮುಂಭಾಗ ನುಜ್ಜುಗುಜ್ಜಾಯಿತು. ಸಚಿವೆಯ ಬೆನ್ನುಮೂಳೆಗೆ ಪೆಟ್ಟಾಯಿತು. ಜೊತೆಗಿದ್ದ ಸಹೋದರ, ವಿಧಾನ ಪರಿಷತ್ ಸದಸ್ಯ ಚನ್ನರಾಜ ಹಟ್ಟಿಹೊಳಿಯವರ ತಲೆಗೂ ಗಾಯವಾಯಿತು. ಏರ್‌ಬ್ಯಾಗ್ ತೆರೆದುಕೊಂಡದ್ದರಿಂದ ದೊಡ್ಡ ಅನಾಹುತ ತಪ್ಪಿತು ಎಂದು ಮರುದಿನ ಪತ್ರಿಕೆಗಳು ಬರೆದವು. ನಮ್ಮ ಕಡೆ ಚಹಾದಂಗಡಿಗಳಲ್ಲಿ ಆ ವಾರವೆಲ್ಲ ಇದೇ ಮಾತು.

ಆದರೆ ಒಂದು ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಅದು ತೆರೆಯದೆ ಹೋಗಿದ್ದರೆ? ಸಚಿವರ ವಿಷಯ ಬಿಡಿ, ಅವರಿಗೆ ಕೇಳುವವರಿದ್ದಾರೆ. ನೀವು ಸಾಲ ಮಾಡಿ, ಐದು ವರ್ಷ ಕಂತು ಕಟ್ಟಿ ಕೊಂಡ ಕಾರಿನಲ್ಲಿ ಮನೆಯವರನ್ನು ಕೂಡಿಸಿಕೊಂಡು ಮದುವೆಗೆ ಹೊರಟಿದ್ದೀರಿ. ಸವದತ್ತಿ ರಸ್ತೆಯಲ್ಲೋ ರಾಮದುರ್ಗದ ದಾರಿಯಲ್ಲೋ ಕಾರು ಎದುರಿಗೆ ಬಂದದ್ದಕ್ಕೆ ಗುದ್ದುತ್ತದೆ. ಶೋರೂಮಿನವನು ಬೆರಳು ತೋರಿಸಿ ಹೇಳಿದ್ದ ಆ ಬಲೂನು ಬರುವುದೇ ಇಲ್ಲ. ಹಲ್ಲು ಮುರಿಯುತ್ತದೆ, ಎದೆಗೂಡಿನ ಮೂಳೆ ಬಿರಿಯುತ್ತದೆ, ಇಲ್ಲವೆ ಅದಕ್ಕಿಂತ ಕೆಟ್ಟದ್ದು ಆಗುತ್ತದೆ. ಆಗ ಹೊಣೆ ಯಾರದು? ಚಾಲಕನದೇ, ವಿಮೆಯವರದೇ, ಕಾರು ಮಾಡಿದ ಕಂಪೆನಿಯದೇ?

ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ಹದಿನೈದು-ಇಪ್ಪತ್ತು ವರ್ಷಗಳ ಹಿಂದೆ ಓಣಿಗೊಂದು ಕಾರು ಇದ್ದರೆ ಹೆಚ್ಚು. ಈಗ ಹಾಗಿಲ್ಲ. ಹತ್ತಿ ವ್ಯಾಪಾರಿಗಳು, ಗುತ್ತಿಗೆದಾರರು ಮಾತ್ರವಲ್ಲ, ಮಾಸ್ತರುಗಳು, ಕೊಲ್ಲಿಯಿಂದ ಬಂದ ಹುಡುಗರು, ಬಾಡಿಗೆಗೆ ಓಡಿಸಿ ಹೊಟ್ಟೆ ಹೊರೆಯುವವರು, ಎಲ್ಲರೂ ಕಾರು ಇಟ್ಟಿದ್ದಾರೆ. ಹಾಗಾಗಿ ಇದು ಶ್ರೀಮಂತರ ವಿಷಯವೆಂದು ಪುಟ ಮಗುಚಬೇಡಿ.

ಮೊದಲು ಈ ವಸ್ತು ಏನೆಂದು ತಿಳಿಯೋಣ. ಸ್ಟೀರಿಂಗ್ ನಡುವೆ, ಎಡಬದಿಯ ಡ್ಯಾಶ್‌ಬೋರ್ಡಿನೊಳಗೆ ಮಡಿಸಿಟ್ಟ ಬಟ್ಟೆಯ ಚೀಲವಿರುತ್ತದೆ. ಕಾರಿನ ಮುಂಭಾಗದಲ್ಲಿ ಮತ್ತು ಒಳಗೆ ಇರುವ ಸೆನ್ಸರ್‌ಗಳು ವೇಗ ಎಷ್ಟು ಥಟ್ಟನೆ ಇಳಿಯಿತು ಎಂಬುದನ್ನು ಅಳೆಯುತ್ತವೆ. ಇಳಿತ ಒಂದು ಮಿತಿಯನ್ನು ದಾಟಿದರೆ ಒಂದು ಪುಟ್ಟ ಕಂಪ್ಯೂಟರು ಕಿಡಿ ಹೊತ್ತಿಸುತ್ತದೆ, ಅನಿಲ ಉಕ್ಕುತ್ತದೆ, ಚೀಲ ಉಬ್ಬುತ್ತದೆ. ಇಷ್ಟೆಲ್ಲ ನಡೆಯುವುದು ನೀವು ಒಮ್ಮೆ ಕಣ್ಣು ಮಿಟುಕಿಸುವುದಕ್ಕಿಂತ ಮೊದಲೇ. ಚೀಲ ಹೊರಗೆ ಚಿಮ್ಮುವ ವೇಗ ಗಂಟೆಗೆ 200 ಕಿಲೋಮೀಟರನ್ನೂ ಮೀರುತ್ತದೆ. ಇದನ್ನು ನೆನಪಿಡಿ, ಮಕ್ಕಳ ವಿಷಯ ಬಂದಾಗ ಬೇಕಾಗುತ್ತದೆ. ಇನ್ನೊಂದು ಮಾತು. ಇದರ ತಾಂತ್ರಿಕ ಹೆಸರಿನಲ್ಲೇ ಇದು 'ಪೂರಕ' ವ್ಯವಸ್ಥೆ ಎಂದಿದೆ. ಯಾವುದಕ್ಕೆ ಪೂರಕ? ಸೀಟ್ ಬೆಲ್ಟಿಗೆ. ಬೆಲ್ಟು ನಿಮ್ಮನ್ನು ಹಿಡಿದಿಡುತ್ತದೆ, ಚೀಲ ತಲೆ ಮತ್ತು ಎದೆಗೆ ಮೆತ್ತೆಯಾಗುತ್ತದೆ. ಬೆಲ್ಟಿಲ್ಲದಿದ್ದರೆ ಅದೇ ಚೀಲ ಮುಖಕ್ಕೆ ಗುದ್ದು ಕೊಡುತ್ತದೆ.

ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈ 1ರಿಂದ. ಚಾಲಕನ ಪಕ್ಕದ ಸೀಟಿಗೆ ಕಡ್ಡಾಯವಾದದ್ದು ಅದರ ನಂತರ, 2021ರಲ್ಲಿ. ಆರು ಏರ್‌ಬ್ಯಾಗ್ ಕಡ್ಡಾಯ ಮಾಡುತ್ತೇವೆಂಬ ಮಾತು 2022ರಲ್ಲಿ ಬಂತು, ಮುಂದೆ ಹೋಯಿತು, ಆಮೇಲೆ ಕೈಬಿಟ್ಟರು.

ಸುಪ್ರೀಂ ಕೋರ್ಟ್ ಹೇಳಿದ್ದು

ಈಗ ಕಾನೂನಿಗೆ ಬರೋಣ. ದೆಹಲಿಯ ಒಬ್ಬ ಗ್ರಾಹಕರು 2015ರ ಆಗಸ್ಟಿನಲ್ಲಿ ಹ್ಯುಂಡೈ ಕಂಪೆನಿಯ ಕ್ರೆಟಾ ಕಾರು ಕೊಂಡರು. ಸುರಕ್ಷತೆಯ ಸೌಲಭ್ಯಗಳನ್ನು ನೋಡಿಯೇ ಕೊಂಡದ್ದು, ಮುಂದಿನ ಎರಡು ಏರ್‌ಬ್ಯಾಗ್ ಸೇರಿ. 2017ರ ನವೆಂಬರ್ 16ರಂದು ದೆಹಲಿ-ಪಾಣಿಪತ್ ಹೆದ್ದಾರಿಯಲ್ಲಿ ಅಪಘಾತವಾಯಿತು. ಏರ್‌ಬ್ಯಾಗ್ ತೆರೆಯಲಿಲ್ಲ. ತಲೆ, ಎದೆ, ಹಲ್ಲುಗಳಿಗೆ ಪೆಟ್ಟಾಯಿತು. ಅವರು ಸುಮ್ಮನಿರಲಿಲ್ಲ, ದೆಹಲಿಯ ರಾಜ್ಯ ಗ್ರಾಹಕ ಆಯೋಗಕ್ಕೆ ಹೋದರು. ಆಯೋಗ ಚಿಕಿತ್ಸೆ ಮತ್ತು ಆದಾಯ ನಷ್ಟಕ್ಕೆ 2 ಲಕ್ಷ, ಮಾನಸಿಕ ಯಾತನೆಗೆ 50 ಸಾವಿರ, ದಾವೆಯ ಖರ್ಚಿಗೆ 50 ಸಾವಿರ ರೂಪಾಯಿ ಕೊಡಿಸಿತು. ಜೊತೆಗೆ ಕಾರನ್ನೇ ಬದಲಿಸಿ ಕೊಡಬೇಕೆಂದಿತು. ಕಂಪೆನಿ ರಾಷ್ಟ್ರೀಯ ಆಯೋಗಕ್ಕೆ ಮೇಲ್ಮನವಿ ಹೋಯಿತು, ಸೋತಿತು. ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ಏಪ್ರಿಲ್ 20ರಂದು ನ್ಯಾಯಮೂರ್ತಿಗಳಾದ ವಿನೀತ್ ಸರಣ್ ಮತ್ತು ಅನಿರುದ್ಧ ಬೋಸ್ ಅವರ ಪೀಠ ಅಲ್ಲಿಯೂ ಕಂಪೆನಿಯ ಮನವಿಯನ್ನು ತಳ್ಳಿಹಾಕಿತು.

ಕಂಪೆನಿಯ ವಾದ ನಿಮಗೂ ಗೊತ್ತಿರಬೇಕು, ಏಕೆಂದರೆ ನಾಳೆ ನೀವು ಕೇಳಿದರೂ ಇದನ್ನೇ ಹೇಳುತ್ತಾರೆ. 'ಗುದ್ದಿದ ಬಲ ಸಾಕಾಗಲಿಲ್ಲ, ಗುದ್ದಿದ ಕೋನ ಸರಿಯಿರಲಿಲ್ಲ, ಅದಕ್ಕೇ ತೆರೆಯಲಿಲ್ಲ. ಲೋಪವಿದೆ ಎನ್ನುವುದಕ್ಕೆ ತಜ್ಞರ ವರದಿ ಎಲ್ಲಿದೆ?' ನ್ಯಾಯಾಲಯದ ಉತ್ತರದ ಸಾರ ಹೀಗಿದೆ. ಏರ್‌ಬ್ಯಾಗ್ ಇರುವ ಕಾರು ಕೊಳ್ಳುವ ಸಾಮಾನ್ಯ ಗ್ರಾಹಕ, ಮುಂಭಾಗಕ್ಕೆ ಡಿಕ್ಕಿಯಾದರೆ ಅದು ತೆರೆದುಕೊಳ್ಳುತ್ತದೆ ಎಂದೇ ನಂಬುತ್ತಾನೆ. ವೇಗ, ಬಲಗಳ ಲೆಕ್ಕ ಹಾಕಲು ಅವನು ಭೌತಶಾಸ್ತ್ರದ ಪಂಡಿತನಾಗಿರಬೇಕಿಲ್ಲ. ಕಾರಿನ ಮುಂಭಾಗ ಹೇಗೆ ಜಜ್ಜಿಹೋಗಿದೆ ಎಂಬುದೇ ಗುದ್ದಿನ ಬಲವನ್ನು ಹೇಳುತ್ತಿರುವಾಗ ಬೇರೆ ತಜ್ಞರ ಸಾಕ್ಷ್ಯಕ್ಕಾಗಿ ಗ್ರಾಹಕನನ್ನು ಅಲೆಸುವಂತಿಲ್ಲ. ಗ್ರಾಹಕ ನಿರೀಕ್ಷಿಸುವ ಮಟ್ಟದ ಸುರಕ್ಷತೆ ಕೊಡದ ಕಂಪೆನಿಗೆ, ಮುಂದೆ ಎಚ್ಚರ ಹುಟ್ಟುವಂಥ ದಂಡರೂಪದ ಪರಿಹಾರ ವಿಧಿಸಬಹುದು ಎಂದೂ ನ್ಯಾಯಾಲಯ ಹೇಳಿತು.

ನನ್ನ ಮಟ್ಟಿಗೆ ಈ ತೀರ್ಪಿನಲ್ಲಿ ಮೂರು ಲಕ್ಷಕ್ಕಿಂತ ಬೆಲೆಯುಳ್ಳದ್ದು ಆ ಭೌತಶಾಸ್ತ್ರದ ಮಾತು. ನಮ್ಮ ಊರುಗಳ ಜನ ಕಂಪೆನಿಯ ಇಂಜಿನಿಯರನ ಎದುರು ಬಾಯಿ ಕಟ್ಟಿ ಹಿಂದಿರುಗುವುದು ಅಲ್ಲೇ.

ಎರಡನೆಯದು ನಮಗೆ ಹತ್ತಿರದ ಕೇರಳದ್ದು. 2021ರ ಜೂನ್ 30ರಂದು ಮಲಪ್ಪುರಂ ಜಿಲ್ಲೆಯಲ್ಲಿ ಒಂದು ಮಾರುತಿ ಕಾರು ಅಪಘಾತಕ್ಕೀಡಾಗಿ ಅದರ ಮಾಲೀಕರಿಗೆ ತೀವ್ರ ಗಾಯವಾಯಿತು, ಏರ್‌ಬ್ಯಾಗ್ ಕೆಲಸ ಮಾಡಿರಲಿಲ್ಲ. ಅವರು ಮಲಪ್ಪುರಂ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಟ್ಟರು. ಏರ್‌ಬ್ಯಾಗ್ ತೆರೆಯಲಿಲ್ಲವೆಂಬ ಮೋಟಾರು ವಾಹನ ಇನ್‌ಸ್ಪೆಕ್ಟರರ ವರದಿ ಅವರ ಕೈ ಹಿಡಿಯಿತು. 2023ರ ಕೊನೆಯಲ್ಲಿ ಆಯೋಗ ಕಾರಿನ ಬೆಲೆ 4,35,854 ರೂಪಾಯಿಯನ್ನೂ ಖರ್ಚಿಗೆ 20,000 ರೂಪಾಯಿಯನ್ನೂ ಕೊಡುವಂತೆ ಕಂಪೆನಿಗೆ ಆದೇಶಿಸಿತು. ಇದು ಸುಪ್ರೀಂ ಕೋರ್ಟೂ ಅಲ್ಲ, ದೆಹಲಿಯೂ ಅಲ್ಲ. ಒಂದು ಜಿಲ್ಲಾ ಆಯೋಗ. ಅಂಥದ್ದೇ ಆಯೋಗ ಬೆಳಗಾವಿಯಲ್ಲೂ ಇದೆ.

ಮೂರನೆಯದನ್ನು ಬೇಗ ಹೇಳಿ ಮುಗಿಸುತ್ತೇನೆ. ಒಂದು ಕಂಪೆನಿಯು ತನ್ನ ನಿರ್ದೇಶಕರ ಓಡಾಟಕ್ಕೆಂದು ಕೊಂಡ ಮರ್ಸಿಡಿಸ್ ಕಾರು 2006ರ ಜನವರಿಯಲ್ಲಿ ನಾಸಿಕದ ಕಡೆ ಅಪಘಾತಕ್ಕೀಡಾಯಿತು, ಏರ್‌ಬ್ಯಾಗ್ ತೆರೆಯಲಿಲ್ಲ. ರಾಷ್ಟ್ರೀಯ ಆಯೋಗ 2017ರಲ್ಲಿ 10 ಲಕ್ಷ ಪರಿಹಾರ ಕೊಡಿಸಿತು. ಅದರಲ್ಲಿ ಅರ್ಧ, ಅಂದರೆ 5 ಲಕ್ಷ, ಅನುಚಿತ ವ್ಯಾಪಾರ ಪದ್ಧತಿಗಾಗಿ. ಏರ್‌ಬ್ಯಾಗ್ ಯಾವ ಸಂದರ್ಭದಲ್ಲಿ ತೆರೆಯುತ್ತದೆ, ಯಾವಾಗ ತೆರೆಯುವುದಿಲ್ಲ ಎಂಬುದನ್ನು ಮಾರುವಾಗ ಗ್ರಾಹಕನಿಗೆ ಸರಿಯಾಗಿ ತಿಳಿಸಿರಲಿಲ್ಲ ಎಂಬುದು ಕಾರಣ. ಸುಪ್ರೀಂ ಕೋರ್ಟ್ ಇದನ್ನು 2024ರ ಜುಲೈ 9ರಂದು ಎತ್ತಿಹಿಡಿಯಿತು. ಅಪಘಾತದಿಂದ ಅಂತಿಮ ತೀರ್ಪಿನ ತನಕ ಹದಿನೆಂಟು ವರ್ಷ! ದುಡ್ಡಿದ್ದವರು ಕಾದರು. ನಾವು ನೀವು ಅಷ್ಟು ಕಾಯಲಾದೀತೇ ಎಂದು ಕೇಳಿದರೆ ಉತ್ತರವಿಲ್ಲ. ಎಲ್ಲ ದಾವೆಗಳೂ ಅಷ್ಟು ಎಳೆಯುವುದಿಲ್ಲ, ಅಷ್ಟೆ.

ದೋಷವುಳ್ಳ ಸರಕು, ಹಳೆಯ ನಿಯಮ

2020ರ ಜುಲೈ 20ರಿಂದ ಜಾರಿಗೆ ಬಂದಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 'ಉತ್ಪನ್ನ ಹೊಣೆಗಾರಿಕೆ' ಎಂಬ ಪ್ರತ್ಯೇಕ ಅಧ್ಯಾಯವೇ ಇದೆ. ಹಳೆಯ 1986ರ ಕಾಯ್ದೆಯಲ್ಲಿ ಇದು ಇರಲಿಲ್ಲ. ದೋಷವುಳ್ಳ ವಸ್ತುವಿನಿಂದ ದೇಹಕ್ಕೆ ಗಾಯವಾದರೆ, ಸಾವು ಸಂಭವಿಸಿದರೆ, ಅದರೊಂದಿಗೆ ಬರುವ ಮಾನಸಿಕ ಯಾತನೆಗೂ ಸೇರಿಸಿ, ತಯಾರಕನಿಂದ ಪರಿಹಾರ ಕೇಳಬಹುದು. ತಯಾರಿಕೆಯಲ್ಲಿ ತಪ್ಪಿದ್ದರೂ ಸರಿ, ನಕ್ಷೆಯಲ್ಲೇ ತಪ್ಪಿದ್ದರೂ ಸರಿ, ಹೇಳಿದ ಭರವಸೆಗೆ ವಸ್ತು ತಕ್ಕುದಲ್ಲದಿದ್ದರೂ ಸರಿ, ಬಳಕೆಯ ಎಚ್ಚರಿಕೆಯನ್ನು ಸರಿಯಾಗಿ ಕೊಡದಿದ್ದರೂ ಸರಿ. ಕಾರು ಜೋಡಿಸುವಾಗ, ಪರೀಕ್ಷಿಸುವಾಗ ಎಚ್ಚರ ತಪ್ಪಿದ ಮಾರಾಟಗಾರನೂ, ಸರ್ವೀಸಿನಲ್ಲಿ ಲೋಪ ಮಾಡಿದವನೂ ಹೊಣೆಯಿಂದ ಪಾರಾಗುವುದಿಲ್ಲ.

ಮದರಸದಲ್ಲಿ ಫಿಕ್ಹ್ ಓದಿದವರಿಗೆ ಇದು ಹೊಸದೆನಿಸದು. ಮಾರಾಟದ ಅಧ್ಯಾಯದಲ್ಲಿ 'ಖಿಯಾರುಲ್ ಐಬ್' ಎಂಬುದೊಂದಿದೆ. ಕೊಂಡ ವಸ್ತುವಿನಲ್ಲಿ ಕೊಳ್ಳುವಾಗ ಕಾಣದ ದೋಷ ಆಮೇಲೆ ಕಂಡರೆ ಹಿಂದಿರುಗಿಸುವ ಹಕ್ಕು ಕೊಂಡವನಿಗಿದೆ. ದೋಷವನ್ನು ಮರೆಮಾಚಿ ಮಾರುವುದು ಮೋಸ. ಇನ್ನೊಬ್ಬರಿಗೆ ಮಾಡಿದ ಹಾನಿಯನ್ನು ತುಂಬಿಕೊಡುವ ಹೊಣೆಗೆ 'ಳಮಾನ್' ಎನ್ನುತ್ತಾರೆ. ಇದನ್ನು ಇಲ್ಲಿ ಹೇಳಲು ಕಾರಣವಿದೆ. ನಮ್ಮ ಅನೇಕ ಮನೆಗಳಲ್ಲಿ ಅಪಘಾತವಾದೊಡನೆ ಹಿರಿಯರು 'ತಕ್ದೀರ್ ಮೇ ಥಾ' ಎಂದು ಮಾತು ಮುಗಿಸಿಬಿಡುತ್ತಾರೆ. ಸಬ್ರ್ ಒಳ್ಳೆಯದೇ. ಆದರೆ ಮುರಿದ ಮೂಳೆಯನ್ನು ತಕ್ದೀರ್ ಎಂದು ಒಪ್ಪಿಕೊಂಡವರು ಆಸ್ಪತ್ರೆಗಂತೂ ಹೋಗುತ್ತಾರಲ್ಲ. ಲೋಪವುಳ್ಳ ಸಾಮಾನು ಮಾರಿದವನ ಹೊಣೆಯನ್ನು ಕೇಳುವುದು ತಕ್ದೀರಿನೊಡನೆ ಜಗಳವಲ್ಲ, ಅದು ಹಕ್ಕಿನ ಲೆಕ್ಕ. ಗಾಯಗೊಂಡ ಗಂಡಸು ದುಡಿಯಲಾಗದೆ ಕೂತರೆ ಸಾಲ ತೀರಿಸುವ ಹೊರೆ ಬೀಳುವುದು ಅವನ ಹೆಂಡತಿಯ ಬಂಗಾರದ ಮೇಲೆ. ಆಯೋಗಗಳು ಕೆಲವೊಮ್ಮೆ ಪರಿಹಾರದ ಮೇಲೆ ಬಡ್ಡಿಯನ್ನೂ ಸೇರಿಸಿ ಕೊಡಿಸುತ್ತವೆ. ಆ ಬಡ್ಡಿಯನ್ನು ಏನು ಮಾಡಬೇಕೆಂಬುದು ಬೇರೆಯೇ ಪ್ರಶ್ನೆ, ಅದನ್ನು ನಿಮ್ಮ ಜಮಾಅತಿನ ಆಲಿಮರಲ್ಲಿ ಕೇಳಿರಿ. ಅದೊಂದು ಸಂಶಯಕ್ಕಾಗಿ ಅಸಲು ಹಕ್ಕನ್ನೇ ಬಿಡಬೇಡಿ.

ಗೆಲ್ಲುವುದೂ ಸೋಲುವುದೂ ಮೊದಲ ವಾರದಲ್ಲಿ

ಏರ್‌ಬ್ಯಾಗ್ ತೆರೆಯದ್ದೆಲ್ಲ ಲೋಪವಲ್ಲ ಎಂಬುದನ್ನೂ ಹೇಳಬೇಕು, ಇಲ್ಲವಾದರೆ ಈ ಲೇಖನ ಸುಳ್ಳು ಆಸೆ ಹುಟ್ಟಿಸಿದಂತಾಗುತ್ತದೆ. ಹಿಂದಿನಿಂದ ಬಂದು ಗುದ್ದಿದರೆ, ಕಾರು ಪಲ್ಟಿಯಾದರೆ, ಪಕ್ಕದಿಂದ ಪೆಟ್ಟು ಬಿದ್ದರೆ ಮುಂದಿನ ಏರ್‌ಬ್ಯಾಗ್ ತೆರೆಯದಿರಬಹುದು, ಅದರ ಕೆಲಸ ಅದಲ್ಲ. ನಮ್ಮ ತಾಲೂಕುಗಳಲ್ಲಿ ಇನ್ನೊಂದು ವಿಶೇಷವಿದೆ. ಕಬ್ಬಿನ ಹಂಗಾಮಿನಲ್ಲಿ ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಕಾರ್ಖಾನೆಗೋ ಮುನವಳ್ಳಿಯ ಕಾರ್ಖಾನೆಗೋ ಎರಡೆರಡು ಟ್ರೇಲರ್ ಕಟ್ಟಿಕೊಂಡು ಸಾಗುವ ಟ್ರ್ಯಾಕ್ಟರುಗಳನ್ನು ನೋಡಿದ್ದೀರಿ. ಹಿಂದೆ ಕೆಂಪು ದೀಪವಿಲ್ಲ, ರಿಫ್ಲೆಕ್ಟರ್ ಇಲ್ಲ, ಇದ್ದರೂ ಕಬ್ಬಿನ ಸೋಗೆ ಮುಚ್ಚಿರುತ್ತದೆ. ರಾತ್ರಿ ಅದರ ಹಿಂದಿನಿಂದ ಹೋಗಿ ಗುದ್ದಿದ ಕಾರಿನ ಬಾನೆಟ್ ಟ್ರೇಲರಿನ ಕೆಳಗೆ ನುಗ್ಗಿ, ಪೆಟ್ಟು ನೇರ ಗಾಜಿಗೆ ಬೀಳುತ್ತದೆ. ಬಂಪರಿನ ಹಿಂದಿರುವ ಗಟ್ಟಿ ಕಬ್ಬಿಣಕ್ಕೆ ಏನೂ ತಾಗದಿರುವುದರಿಂದ ಸೆನ್ಸರಿಗೆ ತಡವಾಗಿ ತಿಳಿಯುತ್ತದೆ, ಇಲ್ಲವೆ ತಿಳಿಯುವುದೇ ಇಲ್ಲ. ಇಂಥ ಪ್ರಕರಣದಲ್ಲಿ ಕಾರು ಕಂಪೆನಿಗಿಂತ ಆ ಟ್ರೇಲರಿನ ಮಾಲೀಕನ ಹೊಣೆಯೇ ದೊಡ್ಡದಿರಬಹುದು. ಅದನ್ನು ಕೇಳಬೇಕಾದ ಜಾಗ ಗ್ರಾಹಕ ಆಯೋಗವಲ್ಲ, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ.

ಇನ್ನು ಬುಲ್‌ಗಾರ್ಡ್. ಕಾರಿನ ಮುಂದೆ ಹಾಕಿಸುವ ಆ ಕಬ್ಬಿಣದ ಪೈಪುಗಳು ಗುದ್ದಿನ ಲೆಕ್ಕವನ್ನೇ ಕೆಡಿಸಿ ಏರ್‌ಬ್ಯಾಗ್ ತೆರೆಯದಂತೆ ಮಾಡಬಲ್ಲವು. ಕೇಂದ್ರ ಸರಕಾರ 2017ರ ಡಿಸೆಂಬರಿನಲ್ಲೇ ಅವುಗಳ ವಿರುದ್ಧ ಕ್ರಮ ಕೈಗೊಳ್ಳಲು ರಾಜ್ಯಗಳಿಗೆ ಬರೆದಿದೆ. ವಾಹನವನ್ನು ಮಾರ್ಪಡಿಸಿದ್ದರೆ ಮಾರಾಟಗಾರನ ಮೇಲಿನ ಉತ್ಪನ್ನ ಹೊಣೆಗಾರಿಕೆಯ ದಾವೆಗೆ ಕಾನೂನೇ ಅಡ್ಡ ಬರುತ್ತದೆ, ಕಂಪೆನಿಗೂ ಒಳ್ಳೆಯ ನೆಪ ಸಿಗುತ್ತದೆ. ಬಾಗಿಲ ಕಡೆಯ ಏರ್‌ಬ್ಯಾಗ್ ಇರುವ ಸೀಟಿಗೆ ದಪ್ಪ ರೆಕ್ಸಿನ್ ಕವರು ಹೊಲಿಸುವುದೂ ಹೀಗೆಯೇ. ಬೆಲ್ಟಿನ ಅಲಾರಂ ಕೂಗದಂತೆ ಸಿಕ್ಕಿಸುವ ಕ್ಲಿಪ್ಪುಗಳನ್ನಂತೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರಲ್ಲಿ ಐದು ಆನ್‌ಲೈನ್ ಮಾರಾಟ ಕಂಪೆನಿಗಳಿಂದ ತೆಗೆಸಿತು. ಹಾಗೆ ತೆಗೆಸಿದ್ದು 13,118 ಜಾಹೀರಾತು ಪಟ್ಟಿಗಳು! ಬೆಲ್ಟ್ ಹಾಕದೆ ಸತ್ತವರು 2022ರ ಒಂದೇ ವರ್ಷದಲ್ಲಿ ದೇಶದಲ್ಲಿ 16,715 ಮಂದಿ. ಆ ವರ್ಷದ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡದ್ದು ದುಬಾರಿ ಕಾರಿನ ಹಿಂದಿನ ಸೀಟಿನಲ್ಲಿ, ಬೆಲ್ಟಿಲ್ಲದೆ.

ಸಾಕ್ಷ್ಯದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ನನ್ನ ಶಾಲೆಯ ಒಬ್ಬ ವಿದ್ಯಾರ್ಥಿಯ ತಂದೆ ಬೈಲಹೊಂಗಲ-ಸವದತ್ತಿ ನಡುವೆ ಒಂದು ಸಿಡಿಗೆ, ಅಂದರೆ ಸಣ್ಣ ಸೇತುವೆಯ ಕಟ್ಟೆಗೆ, ಕಾರು ಗುದ್ದಿಸಿದರು. ಏರ್‌ಬ್ಯಾಗ್ ಬರಲಿಲ್ಲ, ಮುಂದಿನ ನಾಲ್ಕು ಹಲ್ಲು ಹೋದವು, ದವಡೆ ಸರಿಯಾಗಲು ತಿಂಗಳುಗಳು ಹಿಡಿದವು. ಮನೆಯವರೆಲ್ಲ ಆಸ್ಪತ್ರೆಯಲ್ಲಿದ್ದಾಗ ಕಾರು ಗ್ಯಾರೇಜು ಸೇರಿತು. ವಿಮೆಯವರು ಬಂದು ನೋಡಿ ಪೂರ್ತಿ ನಷ್ಟವೆಂದು ಬರೆದು ಕಾರನ್ನು ಗುಜರಿಗೆ ಹಾಕಿಸಿ ಹಣ ಕೊಟ್ಟರು. ನಾಲ್ಕು ತಿಂಗಳ ಮೇಲೆ ಯಾರೋ ಹೇಳಿದರೆಂದು ವಕೀಲರ ಬಳಿ ಹೋದರೆ, 'ಕಾರೆಲ್ಲಿ? ಫೋಟೋ ಎಲ್ಲಿ? ಏರ್‌ಬ್ಯಾಗ್ ತೆರೆದಿರಲಿಲ್ಲ ಎಂದು ಯಾವ ಕಾಗದದಲ್ಲಿದೆ?' ಎಂದರಂತೆ. ಪೊಲೀಸ್ ಪಂಚನಾಮೆಯಲ್ಲಿ ಆ ಬಗ್ಗೆ ಒಂದು ಸಾಲೂ ಇರಲಿಲ್ಲ. ಅಲ್ಲಿಗೆ ಮುಗಿಯಿತು.

ಆದ್ದರಿಂದ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದ ಮೇಲೆ ಮನೆಯ ಒಬ್ಬರಾದರೂ ಕಾರಿನ ಬಳಿ ಹೋಗಬೇಕು. ಹೊರಗಿನಿಂದ ನಾಲ್ಕೂ ಕಡೆ, ಒಳಗೆ ಸ್ಟೀರಿಂಗ್, ಡ್ಯಾಶ್‌ಬೋರ್ಡ್, ಬೆಲ್ಟು ಇವುಗಳ ಚಿತ್ರ ತೆಗೆಯಿರಿ, ಮೊಬೈಲ್ ಸಾಕು. ಪಂಚನಾಮೆಯಲ್ಲೂ ಮೋಟಾರು ವಾಹನ ಇನ್‌ಸ್ಪೆಕ್ಟರರ ವರದಿಯಲ್ಲೂ ಏರ್‌ಬ್ಯಾಗ್ ತೆರೆದಿಲ್ಲ ಎಂಬ ಮಾತು ದಾಖಲಾಗುವಂತೆ ಲಿಖಿತವಾಗಿ ಕೇಳಿಕೊಳ್ಳಿ. ವೈದ್ಯರ ಚೀಟಿಯಲ್ಲಿ ಗಾಯ ಹೇಗಾಯಿತೆಂದು ಬರೆಸಿರಿ, ಬೆಲ್ಟ್ ಹಾಕಿದ್ದರೆ ಅದನ್ನೂ ಬರೆಸಿರಿ. ಎದೆಯ ಮೇಲೆ ಅಡ್ಡಲಾಗಿ ಬಿದ್ದ ಬೆಲ್ಟಿನ ಕಂದು ಗೆರೆಯ ಚಿತ್ರವೂ ಸಾಕ್ಷಿಯೇ. ಕಂಪೆನಿಗೆ, ಡೀಲರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಹಾಕಿ. ಎಲ್ಲಕ್ಕಿಂತ ಮುಖ್ಯವಾದುದು ಕಾರನ್ನು ಗುಜರಿಗೆ ಬಿಡದಿರುವುದು. ಏರ್‌ಬ್ಯಾಗನ್ನು ನಿಯಂತ್ರಿಸುವ ಆ ಪುಟ್ಟ ಕಂಪ್ಯೂಟರಿನಲ್ಲಿ ಗುದ್ದಿನ ಕ್ಷಣದ ಮಾಹಿತಿ ಉಳಿದಿರಬಹುದು. ಅದನ್ನು ಓದುವ ಉಪಕರಣ ಕಂಪೆನಿಯವರ ಕೈಯಲ್ಲಿರುತ್ತದೆ. ಅವರು ಒಬ್ಬರೇ ಬಿಚ್ಚಿ ನೋಡಲು ಬಿಡಬೇಡಿ. ಪರೀಕ್ಷೆ ಬೇಕಾದರೆ ಆಯೋಗವೇ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸುವ ಅವಕಾಶ ಕಾಯ್ದೆಯಲ್ಲಿದೆ. ಸರ್ವೀಸಿನ ಬಿಲ್ಲುಗಳು, ಕಾರು ಕೊಳ್ಳುವಾಗ ಕೊಟ್ಟ ಬಣ್ಣದ ಪುಸ್ತಿಕೆ, ಮಾಲೀಕರ ಕೈಪಿಡಿ, ಇವನ್ನು ಎಸೆಯಬೇಡಿ.

ಸೆಕೆಂಡ್‌ಹ್ಯಾಂಡ್ ಕಾರು ಕೊಳ್ಳುವವರೇ, ಕೀಲಿ ತಿರುಗಿಸಿದಾಗ ಮೀಟರಿನಲ್ಲಿ ಮನುಷ್ಯನೂ ಅವನೆದುರು ಒಂದು ಗುಂಡೂ ಇರುವ ದೀಪ ಕೆಲವು ಸೆಕೆಂಡು ಉರಿದು ಆರಬೇಕು. ಆರದೇ ಉರಿಯುತ್ತಿದ್ದರೆ ಏರ್‌ಬ್ಯಾಗಿನಲ್ಲಿ ತೊಂದರೆಯಿದೆ. ಹಲವು ಸಲ ಸ್ಟೀರಿಂಗಿನೊಳಗಿನ ಕ್ಲಾಕ್ ಸ್ಪ್ರಿಂಗ್ ಹೋಗಿರುತ್ತದೆ. ಉರಿಯುವುದೇ ಇಲ್ಲವೆಂದರೆ ಇನ್ನೂ ಸಂಶಯಪಡಿ, ದೀಪವನ್ನೇ ಕಿತ್ತು ಮಾರಿರಬಹುದು. 2024ರ ಆರಂಭದಲ್ಲಿ ದೆಹಲಿ ಪೊಲೀಸರು ಹಲವು ಕಂಪೆನಿಗಳ ಹೆಸರಿನ 900ಕ್ಕೂ ಹೆಚ್ಚು ನಕಲಿ ಏರ್‌ಬ್ಯಾಗುಗಳನ್ನು ಹಿಡಿದರು. ಅಂಥವು ಎಲ್ಲಿಗೆ ಹೋಗುತ್ತವೆ? ಒಮ್ಮೆ ಅಪಘಾತವಾಗಿ ರಿಪೇರಿಯಾದ ಕಾರುಗಳಿಗೆ.

ತೆರೆದುಕೊಂಡದ್ದೇ ಕೊಂದಾಗ

ಇಲ್ಲಿಯವರೆಗೆ ತೆರೆಯದ ಏರ್‌ಬ್ಯಾಗಿನ ಮಾತಾಯಿತು. ಜಗತ್ತಿನ ಅತಿ ದೊಡ್ಡ ಪ್ರಕರಣ ಇದಕ್ಕೆ ತಿರುಗುಮುರುಗು. ಜಪಾನಿನ ತಕಾತಾ ಕಂಪೆನಿ ಅನೇಕ ಕಾರು ಕಂಪೆನಿಗಳಿಗೆ ಏರ್‌ಬ್ಯಾಗ್ ಒದಗಿಸುತ್ತಿತ್ತು. ಅನಿಲ ಉಕ್ಕಿಸಲು ಅದು ಅಮೋನಿಯಂ ನೈಟ್ರೇಟ್ ಬಳಸಿತು. ವರ್ಷಗಟ್ಟಲೆ ಸೆಕೆ ಮತ್ತು ತೇವ ತಾಗಿ ಆ ರಾಸಾಯನಿಕ ಕೆಡುತ್ತಿತ್ತು. ಗುದ್ದಿದಾಗ ಉಬ್ಬುವ ಬದಲು ಲೋಹದ ಡಬ್ಬಿಯೇ ಸಿಡಿದು ಚೂರುಗಳು ಕುಳಿತವರ ಕುತ್ತಿಗೆ, ಮುಖಕ್ಕೆ ನುಗ್ಗುತ್ತಿದ್ದವು. ಅಮೆರಿಕದಲ್ಲಷ್ಟೇ ಅಲ್ಲ, ನಮ್ಮಂತೆಯೇ ಸೆಕೆ-ತೇವದ ಮಲೇಷ್ಯಾದಲ್ಲೂ ಸಾವುಗಳಾದವು. ಜಗತ್ತಿನಾದ್ಯಂತ ಸುಮಾರು 10 ಕೋಟಿ ಏರ್‌ಬ್ಯಾಗುಗಳನ್ನು ಹಿಂದೆ ಕರೆಯಬೇಕಾಯಿತು. 2017ರಲ್ಲಿ ಕಂಪೆನಿ ಅಮೆರಿಕದ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು 100 ಕೋಟಿ ಡಾಲರ್ ತೆರಲು ಒಪ್ಪಿತು. ಅದರಲ್ಲಿ 12.5 ಕೋಟಿ ಡಾಲರ್ ಗಾಯಾಳುಗಳಿಗೂ ಸತ್ತವರ ಕುಟುಂಬಗಳಿಗೂ ಮೀಸಲು. ಅದೇ ವರ್ಷ ಕಂಪೆನಿ ದಿವಾಳಿಯಾಯಿತು. ಭಾರತದಲ್ಲೂ ಹೋಂಡಾ ಮೊದಲಾದ ಕಂಪೆನಿಗಳು ತಕಾತಾ ಏರ್‌ಬ್ಯಾಗಿನ ಹಳೆಯ ಕಾರುಗಳನ್ನು ಹಿಂದೆ ಕರೆದು ಉಚಿತವಾಗಿ ಬದಲಿಸಿವೆ. 2023ರ ಜನವರಿಯಲ್ಲಿ ಮಾರುತಿ ಕಂಪೆನಿ ಏರ್‌ಬ್ಯಾಗ್ ನಿಯಂತ್ರಕದ ಶಂಕೆಯಿಂದ 17,362 ಹೊಸ ಕಾರುಗಳನ್ನು ಕರೆಸಿಕೊಂಡಿತು.

ಹೀಗೆ ಹಿಂದೆ ಕರೆದದ್ದು ಮೊದಲ ಮಾಲೀಕನಿಗೆ ಪತ್ರದಲ್ಲೋ ಫೋನಿನಲ್ಲೋ ತಿಳಿಯುತ್ತದೆ. ಕಾರು ಪುಣೆಯಿಂದ ಬೆಳಗಾವಿಗೆ, ಅಲ್ಲಿಂದ ರಾಮದುರ್ಗಕ್ಕೆ ಮೂರು ಕೈ ಬದಲಿಸಿ ಬಂದಿದ್ದರೆ ನಿಮಗೆ ಯಾರು ಹೇಳುತ್ತಾರೆ? ಆರ್.ಸಿ.ಯಲ್ಲಿರುವ ಚಾಸಿ ನಂಬರನ್ನು ಆ ಕಂಪೆನಿಯ ಯಾವುದೇ ಡೀಲರಿಗೆ ಕೊಟ್ಟು ಕೇಳಿರಿ. ಬದಲಾಯಿಸಿಕೊಡಲು ಹಣ ಕೇಳುವಂತಿಲ್ಲ.

ಮಕ್ಕಳ ವಿಷಯ. 2024ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್ ಬಳಿ ಮುಂದಿನ ಸೀಟಿನಲ್ಲಿ ತಾಯಿಯ ಮಡಿಲಲ್ಲಿದ್ದ ಎರಡು ವರ್ಷದ ಮಗು, ಅದೇ ವರ್ಷದ ಡಿಸೆಂಬರಿನಲ್ಲಿ ನವಿ ಮುಂಬಯಿಯ ವಾಶಿಯಲ್ಲಿ ಮುಂದೆ ಕುಳಿತಿದ್ದ ಆರು ವರ್ಷದ ಹುಡುಗ, ಇಬ್ಬರೂ ತೀರಿಕೊಂಡದ್ದು ಏರ್‌ಬ್ಯಾಗ್ ತೆರೆದುಕೊಂಡ ಪೆಟ್ಟಿನಿಂದ. ಕಾರಿನ ಬಿಸಿಲುತಡೆಯ ಮೇಲೆ ಮಗುವಿನ ಚಿತ್ರಕ್ಕೆ ಅಡ್ಡಗೆರೆ ಎಳೆದ ಎಚ್ಚರಿಕೆ ಅಂಟಿಸಿರುತ್ತಾರೆ, ಕೈಪಿಡಿಯಲ್ಲೂ ಬರೆದಿರುತ್ತಾರೆ. ಹೀಗಾಗಿ ಇಂಥ ಸಾವಿಗೆ ಕಂಪೆನಿಯನ್ನು ಹೊಣೆ ಮಾಡುವುದು ಕಷ್ಟ. ತಾಯಂದಿರೇ, ಮಡಿಲಿಗಿಂತ ಸುರಕ್ಷಿತ ಜಾಗವಿಲ್ಲವೆಂದು ನಿಮಗೆ ಅನಿಸುವುದು ಸಹಜ. ಮುಂದಿನ ಸೀಟಿನಲ್ಲಿ ಅದು ನಿಜವಲ್ಲ. ಮಗುವಿನೊಡನೆ ಹಿಂದೆ ಕೂಡಿರಿ, ಮಗುವಿಗೆ ತಕ್ಕ ಸೀಟು ಕಟ್ಟಿಸಿರಿ. ಹಾಗೆಯೇ ಎಡಬದಿಯ ಡ್ಯಾಶ್‌ಬೋರ್ಡಿನ ಮೇಲೆ ಅಂಟಿಸಿದ ಗಾಜಿನ ಅತ್ತರ್ ಬಾಟಲಿ, ಕಾಬಾದ ಪುಟ್ಟ ಮಾದರಿ, ಇವನ್ನೆಲ್ಲ ಗೌರವದಿಂದ ಮನೆಯ ಕಪಾಟಿನಲ್ಲಿಡಿ. ಅವುಗಳ ಕೆಳಗೇ ಏರ್‌ಬ್ಯಾಗ್ ಇದೆ. ಅದು ಚಿಮ್ಮಿದರೆ ಅವೂ ಅದೇ ವೇಗದಲ್ಲಿ ಮುಖಕ್ಕೆ ಬರುತ್ತವೆ.

ಏರ್‌ಬ್ಯಾಗೇ ಇಲ್ಲದವರು

2023ರ ಜನವರಿ ಮೊದಲ ವಾರ. ಹುಲಕುಂದ ಗ್ರಾಮದಿಂದ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ನಡೆದು ಹೊರಟಿದ್ದ ಜನ ದಾರಿಯಲ್ಲಿ ಒಂದು ಸರಕು ವಾಹನ ಹತ್ತಿದರು. ರಾಮದುರ್ಗ ತಾಲೂಕಿನ ಚುಂಚನೂರ ಹತ್ತಿರ ಅದು ಆಲದ ಮರಕ್ಕೆ ಗುದ್ದಿ ಆರು ಮಂದಿ ಸತ್ತರು. ಹಿಂದೆ ನಿಂತವರಿಗೆ ಬೆಲ್ಟೂ ಇಲ್ಲ, ಬ್ಯಾಗೂ ಇಲ್ಲ. ನಮ್ಮ ಭಾಗದಲ್ಲಿ ಜಾತ್ರೆಗೆ, ಉರುಸಿಗೆ, ಮದುವೆ ದಿಬ್ಬಣಕ್ಕೆ, ಕಬ್ಬು ಕಡಿಯಲು ಜನ ಹೋಗುವುದು ಹೀಗೆಯೇ. ಕಾನೂನಿನ ಕಹಿ ಸಂಗತಿಯೆಂದರೆ, ಸರಕು ವಾಹನದಲ್ಲಿ ಸುಮ್ಮನೆ ಹತ್ತಿದ ಪ್ರಯಾಣಿಕರಿಗೆ ವಿಮಾ ಕಂಪೆನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2002ರ ಡಿಸೆಂಬರಿನಲ್ಲಿ ಆಶಾ ರಾಣಿ ಪ್ರಕರಣದಲ್ಲಿ ಹೇಳಿಬಿಟ್ಟಿದೆ. ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿಗೆ ಮಾತ್ರ ರಕ್ಷಣೆ. ವಿಮೆಯವರು ಮೊದಲು ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಲಿ ಎಂದು ನ್ಯಾಯಾಲಯಗಳು ದಯೆ ತೋರಿದ ಉದಾಹರಣೆಗಳಿವೆ, ಆದರೆ ಅದನ್ನು ನಂಬಿ ಹತ್ತುವಂತಿಲ್ಲ.

ಎರಡು ದಾರಿಗಳನ್ನು ಬೆರೆಸಬೇಡಿ. ಬೇರೆ ವಾಹನದವನ ತಪ್ಪಿನಿಂದ ಗಾಯವಾದರೆ ಮೋಟಾರು ಅಪಘಾತ ನ್ಯಾಯಮಂಡಳಿ. ಬೈಲಹೊಂಗಲದಂಥ ತಾಲೂಕು ಕೇಂದ್ರದ ನ್ಯಾಯಾಲಯದಲ್ಲೇ ಅರ್ಜಿ ಹಾಕಬಹುದು. ಆರು ತಿಂಗಳೊಳಗೆ ಹಾಕಿಬಿಡುವುದು ಕ್ಷೇಮ. ಏರ್‌ಬ್ಯಾಗಿನ ಲೋಪಕ್ಕೆ ಗ್ರಾಹಕ ಆಯೋಗ. ಇಲ್ಲಿ ಅವಧಿ ಎರಡು ವರ್ಷ. ಕೆಲವರಿಗೆ ಎರಡೂ ಬೇಕಾಗಬಹುದು, ಆದರೆ ಒಂದೇ ಆಸ್ಪತ್ರೆ ಬಿಲ್ಲನ್ನು ಎರಡು ಕಡೆ ತೋರಿಸಿ ಎರಡು ಸಲ ಹಣ ಪಡೆಯುವಂತಿಲ್ಲ. ಚಾಲಕ ತಾನೇ ಮರಕ್ಕೆ ಗುದ್ದಿಸಿದ್ದರೆ ನ್ಯಾಯಮಂಡಳಿಯಲ್ಲಿ ಅವನಿಗೆ ಹೆಚ್ಚೇನೂ ಸಿಗದು. ಅಂಥವನಿಗೆ ಉಳಿಯುವುದು ಮಾಲೀಕ-ಚಾಲಕನ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಮತ್ತು ಏರ್‌ಬ್ಯಾಗ್ ಕೈಕೊಟ್ಟಿದ್ದರೆ ಗ್ರಾಹಕ ಆಯೋಗ. ವಿಮೆ ಕಟ್ಟುವಾಗ ನೂರು ಇನ್ನೂರು ಉಳಿಸಲು ಆ 15 ಲಕ್ಷವನ್ನು ಕಳೆದುಹಾಕುವವರಿದ್ದಾರೆ.

ಕಾರಿಗೆ ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗ ಸಾಕು. 5 ಲಕ್ಷದವರೆಗೆ ಶುಲ್ಕವಿಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400, ಅದರ ಮೇಲೆ 50 ಲಕ್ಷದವರೆಗೆ 1,000. ಕಾರನ್ನು ಹುಬ್ಬಳ್ಳಿಯಲ್ಲಿ ಕೊಂಡಿದ್ದರೂ, ಅಪಘಾತ ಸೊಲ್ಲಾಪುರದಲ್ಲಾಗಿದ್ದರೂ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು ಎಂಬುದು 2019ರ ಕಾಯ್ದೆ ಕೊಟ್ಟ ದೊಡ್ಡ ಅನುಕೂಲ. ವಕೀಲರಿಲ್ಲದೆ ನೀವೇ ವಾದಿಸಬಹುದು. ಬಾಡಿಗೆ ಕಾರಾದರೂ, ಸ್ವಂತ ದುಡಿಮೆಯ ಜೀವನೋಪಾಯಕ್ಕೆಂದು ಕೊಂಡದ್ದಾದರೆ ನೀವು ಗ್ರಾಹಕರೇ. ರಾಮದುರ್ಗದವರಿಗೆ ಬೆಳಗಾವಿ ಸುಮಾರು ನೂರು ಕಿಲೋಮೀಟರ್, ಪ್ರತಿ ತಾರೀಖಿಗೆ ಒಂದು ದಿನದ ಕೂಲಿ ಹೋಗುತ್ತದೆ. ಇ-ಜಾಗೃತಿ ತಾಣದ ಮೂಲಕ ದೂರನ್ನು ಊರಿನಿಂದಲೇ ಸಲ್ಲಿಸಬಹುದು. ವಿಡಿಯೋ ಮೂಲಕ ವಿಚಾರಣೆಗೆ ಹಾಜರಾಗಲು ಅರ್ಜಿ ಹಾಕುವ ಅವಕಾಶವೂ ಕಾಯ್ದೆಯಲ್ಲಿದೆ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳಿದ್ದರೆ ಅವಳ ಕೈಗೆ ಕೊಡಿ, ಒಂದು ಮಧ್ಯಾಹ್ನದ ಕೆಲಸ. ಮೊದಲು ಮಾತಾಡಿ ತಿಳಿಯಬೇಕೆಂದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915, ಕನ್ನಡದಲ್ಲೂ ಮಾತಾಡಬಹುದು.